ಒಬ್ಬರಿಗಿಂತ ಹೆಚ್ಚು ಸಂಗಾತಿಗಳು: ಅಧ್ಯಯನದ ಮಾತು ಎಷ್ಟು, ಅನುಭವದ ಮಾತು ಎಷ್ಟು?

ಕಾರವಾರ, ಕುಮಟಾ, ಶಿರಸಿ ಕಡೆಯ ಹುಡುಗ ಹುಡುಗಿಯರು ಓದಿಗೆ, ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾ ಸೇರುವುದು ಹೊಸತೇನಲ್ಲ. ಅವರು ಊರಿಗೆ ಬರುವಾಗ ಹೊಸ ಮಾತುಗಳೂ ಬರುತ್ತವೆ. ಈಚೆಗೆ ಬಂದದ್ದು ‘ಪಾಲಿಯಾಮರಿ’. ಡೇಟಿಂಗ್ ಆ್ಯಪ್‌ಗಳಲ್ಲಿ ಇದಕ್ಕೆ ಬೇರೆಯೇ ಆಯ್ಕೆ ಇದೆ. ರೀಲ್ಸ್‌ನಲ್ಲಿ ಇದರ ಪರ-ವಿರೋಧ ಜೋರಾಗಿ ನಡೆಯುತ್ತದೆ. ಅಷ್ಟರವರೆಗೆ ಅದು ಬೇರೆಯವರ ವಿಷಯ. ಆದರೆ ಒಂದು ದಿನ, ವರ್ಷಗಳಿಂದ ಪ್ರೀತಿಸುತ್ತಿರುವವನು ‘ನಾವೂ ಯೋಚಿಸಬಹುದಾ?’ ಎಂದು ಕೇಳುತ್ತಾನೆ. ಅಥವಾ ಹಬ್ಬಕ್ಕೆ ಮನೆಗೆ ಬಂದ ತಂಗಿ, ‘ಅಕ್ಕಾ, ನನಗೆ ಇಬ್ಬರಿದ್ದಾರೆ, ಇಬ್ಬರಿಗೂ ಗೊತ್ತು, ಆಯಿಗೆ ಮಾತ್ರ ಹೇಳಬೇಡ’ ಎನ್ನುತ್ತಾಳೆ.

ಆಗ ನಾವು ಮೊಬೈಲ್ ತೆಗೆದು ಹುಡುಕುತ್ತೇವೆ. ಸಿಗುವುದು ಎರಡು ಬಗೆಯ ಉತ್ತರ. ಒಂದು, ‘ಇಂಥವರೂ ಉಳಿದವರಷ್ಟೇ ಸುಖವಾಗಿದ್ದಾರೆ, ಅಧ್ಯಯನದಿಂದ ಸಾಬೀತು’ ಎಂಬ ಸುದ್ದಿ. ಇನ್ನೊಂದು, ‘ಇದರಿಂದ ನನ್ನ ಸಂಸಾರವೇ ಹಾಳಾಯಿತು’ ಎಂಬ ಯಾರದೋ ಕಥೆ. ಎರಡೂ ನಿಜವೇ ಇರಬಹುದು. ಹಾಗಾದರೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕು? ಈ ಲೇಖನ ಆ ತೂಕದ ಬಗ್ಗೆ. ಇದು ಬೇಕೋ ಬೇಡವೋ ಎಂಬ ತೀರ್ಮಾನ ಅವರವರದು.

ಇದು ಏನು, ಏನಲ್ಲ

ಒಬ್ಬರಿಗಿಂತ ಹೆಚ್ಚು ಜನರ ಜೊತೆ ಪ್ರೀತಿಯ ಸಂಬಂಧ ಇರುವುದು, ಅದು ಸೇರಿದ ಎಲ್ಲರಿಗೂ ಗೊತ್ತಿರುವುದು, ಎಲ್ಲರೂ ಮನಸ್ಸಿನಿಂದ ಒಪ್ಪಿರುವುದು. ಇಷ್ಟಿದ್ದರೆ ಅದನ್ನು ಪಾಲಿಯಾಮರಿ ಎನ್ನುತ್ತಾರೆ. ಒಪ್ಪಿಗೆ ತೆಗೆದುಬಿಟ್ಟರೆ ಉಳಿಯುವುದು ಮೋಸ. ಸಂಗಾತಿಯ ಒಪ್ಪಿಗೆ ಇದ್ದು, ಹೊರಗಿನ ಸಂಬಂಧ ದೇಹಕ್ಕಷ್ಟೇ ಸೀಮಿತವಾಗಿದ್ದರೆ ಅದನ್ನು ಸಾಮಾನ್ಯವಾಗಿ ‘ಓಪನ್ ರಿಲೇಶನ್‌ಶಿಪ್’ ಎನ್ನುತ್ತಾರೆ. ಸಮೀಕ್ಷೆಗಳು ಕೆಲವೊಮ್ಮೆ ಇವೆರಡನ್ನೂ ಒಟ್ಟಿಗೆ ಎಣಿಸುತ್ತವೆ. ಅಂಕಿ ಓದುವಾಗ ಇದು ನೆನಪಿರಲಿ.

‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ಅಜ್ಜನ ಕಾಲದಲ್ಲಿ ಎರಡು ಸಂಸಾರ ಮಾಡಿದವರು ಎಷ್ಟು ಜನ ಇರಲಿಲ್ಲ’ ಎನ್ನುವವರು ಸಿಗುತ್ತಾರೆ. ಆದರೆ ಆ ಎರಡು ಸಂಸಾರಗಳಲ್ಲಿ ಮೊದಲ ಹೆಂಡತಿಯನ್ನು ಯಾರಾದರೂ ಕೇಳಿದ್ದರೇ? ಅವಳು ಬೇಡ ಎಂದಿದ್ದರೆ ನಿಲ್ಲುತ್ತಿತ್ತೇ? ಅವಳಿಗೂ ಅದೇ ಸ್ವಾತಂತ್ರ್ಯ ಇತ್ತೇ? ಈ ಮೂರಕ್ಕೂ ಉತ್ತರ ಸಾಮಾನ್ಯವಾಗಿ ‘ಇಲ್ಲ’. ಹಾಗಾಗಿ ಆ ಕಾಲದ ಕಥೆಗಳು ಈ ಪ್ರಶ್ನೆಗೆ ಪರವಾದ ಪುರಾವೆಯೂ ಆಗುವುದಿಲ್ಲ, ವಿರುದ್ಧವಾದ ಪುರಾವೆಯೂ ಆಗುವುದಿಲ್ಲ. ದ್ರೌಪದಿಯ ಕಥೆಯನ್ನು ಎಳೆದು ತರುವವರಿಗೂ ಇದೇ ಉತ್ತರ.

ಅಧ್ಯಯನಗಳು ಕಂಡದ್ದು

ಎಷ್ಟು ಜನ ಹೀಗೆ ಬದುಕುತ್ತಾರೆ ಎಂಬುದರಿಂದ ಶುರು ಮಾಡೋಣ. ಅಮೆರಿಕದಲ್ಲಿ ಒಂಟಿಯಾಗಿರುವ 3,438 ವಯಸ್ಕರನ್ನು ಕೇಳಿ ಮಾಡಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಏಮಿ ಮೂರ್ಸ್ ಮತ್ತು ಸಂಗಡಿಗರು ಮಾಡಿದ್ದು. ಆರರಲ್ಲಿ ಒಬ್ಬರು ಪಾಲಿಯಾಮರಿಯ ಆಸೆ ಇದೆ ಎಂದರು. ಒಂಬತ್ತರಲ್ಲಿ ಒಬ್ಬರು ಬದುಕಿನಲ್ಲಿ ಯಾವಾಗಲಾದರೂ ಅದನ್ನು ಮಾಡಿದ್ದೇವೆ ಎಂದರು. ಇಷ್ಟು ಸುದ್ದಿಯಾಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇತ್ತು: ಮಾಡಿ ನೋಡಿದವರಲ್ಲಿ ಮತ್ತೆ ಮಾಡುತ್ತೇವೆ ಎಂದವರು ಸುಮಾರು ಶೇ. 30 ಮಾತ್ರ. ಮೂರರಲ್ಲಿ ಒಬ್ಬರು ‘ಭಾವನೆಗಳನ್ನು ನಿಭಾಯಿಸುವುದು ಕಷ್ಟವಾಯಿತು’ ಎಂದಿದ್ದರು. ಐವರಲ್ಲಿ ಒಬ್ಬರು ‘ನನ್ನವರು ನನಗೇ ಬೇಕು ಎಂಬ ಸ್ವಭಾವ ನನ್ನದು, ತಡೆದುಕೊಳ್ಳಲಾಗಲಿಲ್ಲ’ ಎಂಬರ್ಥದ ಉತ್ತರ ಕೊಟ್ಟಿದ್ದರು. ಒಂದೇ ಅಧ್ಯಯನದಿಂದ ಇಬ್ಬರು ತಮಗೆ ಬೇಕಾದ ಎರಡು ತಲೆಬರಹ ಹೊರಡಿಸಬಹುದು, ನೋಡಿ.

ಇನ್ನು ಸುಖದ ಪ್ರಶ್ನೆ. 2025ರಲ್ಲಿ ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದ ಜೋಯಲ್ ಆಂಡರ್ಸನ್ ಮತ್ತು ಸಂಗಡಿಗರು ಹಿಂದಿನ 35 ಅಧ್ಯಯನಗಳನ್ನು, ಅಂದರೆ 24,489 ಜನರ ಉತ್ತರಗಳನ್ನು, ಒಟ್ಟು ಸೇರಿಸಿ ನೋಡಿದರು. ಒಬ್ಬ ಸಂಗಾತಿ ಇರುವವರಿಗೂ, ಒಪ್ಪಿಗೆಯಿಂದ ಹಲವು ಸಂಗಾತಿಗಳಿರುವವರಿಗೂ ಸಂಬಂಧದ ತೃಪ್ತಿಯಲ್ಲಾಗಲಿ ಲೈಂಗಿಕ ತೃಪ್ತಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮೊದಲು, 2017ರಲ್ಲಿ, ಟೆರಿ ಕಾನ್ಲಿ ತಂಡ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿತ್ತು. ಹಲವು ಸಂಗಾತಿಗಳಿರುವ ಗುಂಪಿನಲ್ಲಿ ನಂಬಿಕೆ ಸ್ವಲ್ಪ ಜಾಸ್ತಿ, ಹೊಟ್ಟೆಕಿಚ್ಚು ಸ್ವಲ್ಪ ಕಡಿಮೆ ಕಂಡಿತ್ತು.

ನನಗೆ ಹೆಚ್ಚು ಉಪಯುಕ್ತ ಎನಿಸುವುದು ಕೆನಡಾದ ಸಂಶೋಧಕರ 2021ರ ಒಂದು ಅಧ್ಯಯನ. ಅವರು ‘ಸಂಬಂಧವನ್ನು ತೆರೆಯಬೇಕೇ’, ಅಂದರೆ ಬೇರೆ ಸಂಗಾತಿಗಳಿಗೂ ಅವಕಾಶ ಕೊಡಬೇಕೇ ಎಂದು ಯೋಚಿಸುತ್ತಿದ್ದ 233 ಜನರನ್ನು ಹಿಡಿದು ಎರಡು ತಿಂಗಳು ಹಿಂಬಾಲಿಸಿದರು. ಅವರಲ್ಲಿ 155 ಜನ ನಿಜಕ್ಕೂ ಹಾಗೆ ಮಾಡಿದರು, ಉಳಿದವರು ಮಾಡಲಿಲ್ಲ. ಮಾಡಿದವರ ಲೈಂಗಿಕ ತೃಪ್ತಿ ಹೆಚ್ಚಿತು. ಇದ್ದ ಸಂಬಂಧದ ಗುಣದಲ್ಲಿ, ಒಟ್ಟು ಬದುಕಿನ ನೆಮ್ಮದಿಯಲ್ಲಿ ಎರಡೂ ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸವಾಗಲಿಲ್ಲ. ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಎಂದು ಒಂದೇ ಜನರನ್ನು ಎರಡು ಸಲ ನೋಡಿದ್ದರಿಂದ ಈ ಅಧ್ಯಯನಕ್ಕೆ ಸ್ವಲ್ಪ ಹೆಚ್ಚು ಬೆಲೆ ಇದೆ. ಎರಡೇ ತಿಂಗಳು ಎಂಬುದು ಅದರ ಕೊರತೆ.

ಕಾಯಿಲೆಯ ಭಯದ ಬಗ್ಗೆಯೂ ಒಂದು ಮಾತು. ಜಸ್ಟಿನ್ ಲೆಮಿಲರ್ 2015ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಹಲವು ಸಂಗಾತಿಗಳಿರುವವರು ಕಾಂಡೋಮ್ ಬಳಸುವುದು, ಪರೀಕ್ಷೆ ಮಾಡಿಸಿಕೊಳ್ಳುವುದು ಜಾಸ್ತಿ ಇತ್ತು. ಕಾಯಿಲೆ ಬಂದಿತ್ತು ಎಂದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೆ ವ್ಯತ್ಯಾಸ ಇರಲಿಲ್ಲ. ಇದಕ್ಕೆ ಒಂದು ಕಾರಣ ಇದಿರಬಹುದು: ‘ನಮಗೆ ಒಬ್ಬರೇ’ ಎಂದುಕೊಂಡಿದ್ದವರಲ್ಲೂ ಸುಮಾರು ಕಾಲು ಭಾಗ ಜನ ಹೊರಗೆ ಸಂಬಂಧ ಮಾಡಿದ್ದರು. ಅವರಲ್ಲಿ ಹೆಚ್ಚಿನವರ ಸಂಗಾತಿಗೆ ಅದು ಗೊತ್ತಿರಲಿಲ್ಲ.

ಮಕ್ಕಳ ವಿಷಯದಲ್ಲಿ ದೀರ್ಘ ಕೆಲಸ ಮಾಡಿದವರು ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಶೆಫ್. 1996ರಿಂದ ಇಂಥ ಕುಟುಂಬಗಳ ಜೊತೆ ಮಾತಾಡುತ್ತ ಬಂದವರು. ಅವರು ಕಂಡ ಮಕ್ಕಳು ಬಹುಪಾಲು ಚೆನ್ನಾಗಿಯೇ ಬೆಳೆದಿದ್ದರು. ಕಷ್ಟ ಎಂದು ಮಕ್ಕಳು ಹೇಳಿಕೊಂಡದ್ದರಲ್ಲಿ ಒಂದು, ತಾವು ಹಚ್ಚಿಕೊಂಡಿದ್ದ ದೊಡ್ಡವರೊಬ್ಬರು ಸಂಬಂಧ ಮುರಿದ ಮೇಲೆ ಮನೆಗೆ ಬರುವುದು ನಿಂತುಹೋದದ್ದು.

ಕೊಳೆ ಔಷಧಿಯ ಲೆಕ್ಕ

ಈ ಅಂಕಿಗಳನ್ನು ಓದುವುದು ಹೇಗೆ? ಅಡಿಕೆ ತೋಟ ಇರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಮೈಲುತುತ್ತ ಮತ್ತು ಸುಣ್ಣ ಕಲಸಿ ಶೇ. 1ರ ಬೋರ್ಡೋ ದ್ರಾವಣ ಮಾಡಿ, ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಹೊಡೆದರೆ ಕೊಳೆ ರೋಗ (ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವುದು) ಹತೋಟಿಗೆ ಬರುತ್ತದೆ ಎನ್ನುತ್ತಾರೆ ಸಂಶೋಧನಾ ಕೇಂದ್ರದವರು. ಇದು ನೂರಾರು ಮರಗಳನ್ನು ನೋಡಿ ಹೇಳಿದ ಮಾತು. ಆದರೆ ಶಿರಸಿ-ಸಿದ್ದಾಪುರ ಕಡೆ ಯಾರನ್ನೇ ಕೇಳಿ. ‘ನಾವು ಒಂದೇ ಸಲ ಹೊಡೆದದ್ದು, ಕೊಳೆ ಬರಲೇ ಇಲ್ಲ’ ಎನ್ನುವವರಿದ್ದಾರೆ. ‘ಮೂರು ಸಲ ಹೊಡೆಸಿದೆ, ಅರ್ಧ ಫಸಲು ಉದುರಿತು’ ಎನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸಂಶೋಧನೆ ಹೇಳಿದ್ದು ಸರಾಸರಿ. ಸರಾಸರಿಯ ಎರಡೂ ಕಡೆ ತೋಟಗಳು ಇದ್ದೇ ಇರುತ್ತವೆ.

ಹಾಗೆಂದು ತಿಳಿದ ಕೃಷಿಕರು ಸಂಶೋಧನೆಯನ್ನು ಬಿಸಾಡುವುದಿಲ್ಲ. ಸುಣ್ಣ ಎಷ್ಟು, ತುತ್ತ ಎಷ್ಟು ಎಂಬುದನ್ನು ಕೇಂದ್ರದ ಮಾತಿನಂತೆ ಕಲಸುತ್ತಾರೆ. ಅದನ್ನು ಒಬ್ಬರ ತೋಟದಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ಆದರೆ ತಮ್ಮ ಕಣಿವೆಯ ಯಾವ ಮೂಲೆಯಲ್ಲಿ ಬಿಸಿಲು ಬೀಳುವುದಿಲ್ಲ, ಎಲ್ಲಿ ಕೊಳೆ ಮೊದಲು ಕಾಣಿಸುತ್ತದೆ ಎಂಬುದು ಅವರಿಗೇ ಗೊತ್ತು. ಅದು ಯಾವ ಕೇಂದ್ರದ ವರದಿಯಲ್ಲೂ ಇಲ್ಲ. ಪ್ರಶ್ನೆ ಯಾವುದು ಎಂಬುದರ ಮೇಲೆ ಯಾರ ಮಾತು ಗಟ್ಟಿ ಎಂಬುದು ನಿಂತಿದೆ.

ಪಾಲಿಯಾಮರಿಯ ವಿಷಯಕ್ಕೂ ಇದೇ ಲೆಕ್ಕ ಹೊಂದುತ್ತದೆ. ಒಂದು ಕಡೆ ಮಾತ್ರ ಹೊಂದುವುದಿಲ್ಲ, ಅದು ಬಹಳ ಮುಖ್ಯ. ತೋಟದ ಪ್ರಯೋಗದಲ್ಲಿ ಚೀಟಿ ಎತ್ತಿ, ಈ ಸಾಲಿಗೆ ಔಷಧಿ, ಆ ಸಾಲಿಗೆ ಬರೀ ನೀರು ಎಂದು ಮಾಡಬಹುದು. ಆಗ ಬಂದ ವ್ಯತ್ಯಾಸ ಔಷಧಿಯದ್ದೇ ಎಂದು ಧೈರ್ಯವಾಗಿ ಹೇಳಬಹುದು. ಮನುಷ್ಯರಿಗೆ ಚೀಟಿ ಎತ್ತಿ ‘ನೀನು ಇಬ್ಬರನ್ನು ಪ್ರೀತಿಸು’ ಎನ್ನಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಇಲ್ಲಿ ಯಾವ ಅಧ್ಯಯನವೂ ‘ಇದರಿಂದಲೇ ಹೀಗಾಯಿತು’ ಎಂದು ಖಚಿತವಾಗಿ ಹೇಳಲಾರದು. ಕಾನ್ಲಿ ತಂಡ ಕಂಡ ಜಾಸ್ತಿ ನಂಬಿಕೆಯನ್ನೇ ನೋಡಿ. ಹಲವು ಸಂಗಾತಿಗಳಿದ್ದರೆ ನಂಬಿಕೆ ಹುಟ್ಟುತ್ತದೆಯೋ, ಮೊದಲೇ ಗಟ್ಟಿ ನಂಬಿಕೆ ಇರುವವರು ಮಾತ್ರ ಈ ದಾರಿ ಹಿಡಿಯುತ್ತಾರೋ? ಆ ಅಂಕಿಯಿಂದ ಗೊತ್ತಾಗುವುದಿಲ್ಲ.

ಉತ್ತರ ಕೊಟ್ಟವರು ಯಾರು?

ಯಾವ ಸಮೀಕ್ಷೆ ಓದಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಈ ವಿಷಯದ ಬಹುತೇಕ ಸಮೀಕ್ಷೆಗಳಿಗೆ ಜನ ತಾವಾಗಿ ಮುಂದೆ ಬಂದು ಉತ್ತರ ಕೊಟ್ಟಿರುತ್ತಾರೆ. ಈಗ ಆ ಸಂಬಂಧದಲ್ಲಿ ಇರುವವರು ಉತ್ತರಿಸುತ್ತಾರೆ. ಆರು ತಿಂಗಳಲ್ಲಿ ಕಣ್ಣೀರು ಹಾಕಿಕೊಂಡು ಹೊರಬಂದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ‘ಹಲವು ಸಂಗಾತಿಗಳಿರುವವರು ತೃಪ್ತರು’ ಎಂಬುದರ ಅರ್ಥ ‘ಉಳಿದುಕೊಂಡವರು ತೃಪ್ತರು’ ಎಂದಷ್ಟೇ. ನ್ಯಾಯವಾಗಿ ಹೇಳುವುದಾದರೆ, ಮದುವೆಯಾದವರ ಸಮೀಕ್ಷೆಗೂ ಇದೇ ದೋಷ ಇದೆ. ವಿಚ್ಛೇದನ ಪಡೆದವರು ಸುಖೀ ದಂಪತಿಗಳ ಲೆಕ್ಕದಲ್ಲಿ ಬರುವುದಿಲ್ಲ.

ಎರಡನೆಯದು, ಊರು ಮತ್ತು ವರ್ಗ. ಶೆಫ್ ಮತ್ತು ಕೋರಿ ಹ್ಯಾಮರ್ಸ್ 2011ರಲ್ಲಿ ಇಂಥ ಸಂಬಂಧಗಳ ಬಗ್ಗೆ ಮತ್ತು ರೂಢಿಗಿಂತ ಬೇರೆಯಾದ ಲೈಂಗಿಕ ಅಭಿರುಚಿಯವರ ಬಗ್ಗೆ ಬಂದ 36 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಉತ್ತರಿಸಿದವರಲ್ಲಿ ಹೆಚ್ಚಿನವರು ಬಿಳಿಯರು, ಓದಿದವರು, ಮಧ್ಯಮ ವರ್ಗಕ್ಕಿಂತ ಕೆಳಗಿಲ್ಲದವರು. ಅಂಥವರಿಗೆ ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಮನೆ ಬಿಟ್ಟರೆ ಬಾಡಿಗೆ ಮನೆ ಸಿಗುತ್ತದೆ. ಗಂಡನ ಮನೆಯ ತೋಟ ಬಿಟ್ಟರೆ ಬೇರೆ ಆದಾಯವಿಲ್ಲದ ಹೆಂಗಸಿನ ಮಾತು ಆ ಅಧ್ಯಯನಗಳಲ್ಲಿ ಇಲ್ಲ.

ಇನ್ನೊಂದು ಬಗೆಯ ‘ಸಮೀಕ್ಷೆ’ ಇದೆ. ‘ಇಷ್ಟು ಶೇಕಡಾ ಭಾರತೀಯರು ಇದಕ್ಕೆ ಸಿದ್ಧ’ ಎಂದು ಡೇಟಿಂಗ್ ಆ್ಯಪ್ ಕಂಪನಿಗಳೇ ಹೊರಡಿಸುವಂಥದ್ದು. ಅಲ್ಲಿ ಕೇಳಿದ್ದು ಆ್ಯಪ್ ಬಳಸುವವರನ್ನು. ಬಂದರಿನಲ್ಲಿ ನಿಂತು ಮೀನು ತಿನ್ನುತ್ತೀರಾ ಎಂದು ಕೇಳಿ ಇಡೀ ಜಿಲ್ಲೆಯ ಲೆಕ್ಕ ಕೊಟ್ಟರೆ ಯಾರೂ ಒಪ್ಪುವುದಿಲ್ಲ. ಅಂಥ ಅಂಕಿಗಳನ್ನು ಪಕ್ಕಕ್ಕಿಟ್ಟರೆ ನಷ್ಟವೇನೂ ಇಲ್ಲ.

ಅನುಭವ ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಹಾಗಾದರೆ ಅನುಭವವನ್ನೇ ನಂಬೋಣವೇ? ಅನುಭವದಲ್ಲೂ ಬಗೆಗಳಿವೆ. ನನ್ನ ಹಿಂದಿನ ಬದುಕು ನನಗೆ ಹೇಳುವುದು ಒಂದು. ಬೇರೆಯವರ ಕಥೆ ಇನ್ನೊಂದು. ‘ನನಗಾದರೆ ಹೀಗಾಗುತ್ತದೆ’ ಎಂದು ನಾನು ಕಲ್ಪಿಸಿಕೊಳ್ಳುವುದು ಮೂರನೆಯದು. ಇದನ್ನು ಜನ ಅನುಭವ ಎಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಬರೀ ಊಹೆ.

ಈ ಮೂರನೆಯದರ ಬಗ್ಗೆ ಮನಃಶಾಸ್ತ್ರದಲ್ಲಿ ಒಳ್ಳೆಯ ಕೆಲಸ ಆಗಿದೆ. ಡ್ಯಾನಿಯಲ್ ಗಿಲ್ಬರ್ಟ್ ಮತ್ತು ಟಿಮೊಥಿ ವಿಲ್ಸನ್ ವರ್ಷಗಳ ಕಾಲ ತೋರಿಸಿಕೊಟ್ಟದ್ದು ಇಷ್ಟು: ಮುಂದೆ ಏನಾದರೂ ಆದರೆ ನಮಗೆ ಎಷ್ಟು ಸಂತೋಷವಾಗುತ್ತದೆ, ಎಷ್ಟು ದುಃಖವಾಗುತ್ತದೆ, ಅದು ಎಷ್ಟು ದಿನ ಇರುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಹೆಚ್ಚಿಸಿ ಅಂದಾಜಿಸುತ್ತೇವೆ. ‘ಅವಳು ಇನ್ನೊಬ್ಬನ ಜೊತೆ ಹೋದರೆ ನಾನು ಸತ್ತೇ ಹೋಗುತ್ತೇನೆ’ ಎಂಬುದೂ ಅಂದಾಜು. ‘ನನಗೇನೂ ಅನಿಸುವುದಿಲ್ಲ, ನಾನು ಆ ಥರದವನಲ್ಲ’ ಎಂಬುದೂ ಅಂದಾಜೇ.

ಬೇರೆಯವರ ಕಥೆಗಳಿಗೆ ಇನ್ನೊಂದು ತೊಡಕು. ನಮ್ಮಂಥ ಸಣ್ಣ ಊರಿನಲ್ಲಿ ಯಾವ ಕಥೆ ಕಿವಿಗೆ ಬೀಳುತ್ತದೆ? ಜಗಳವಾಗಿ, ಪಂಚಾಯ್ತಿಯಾಗಿ, ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ದು. ಸುಮ್ನೆ ಬದುಕಿಕೊಂಡು ಹೋಗುವವರು ಯಾರಿಗೂ ಹೇಳುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಇದರ ಉಲ್ಟಾ. ಅಲ್ಲಿ ನಗುತ್ತಿರುವ ಮೂವರ ಫೋಟೋ ಇರುತ್ತದೆ, ಮುರಿದುಹೋದ ಮೇಲಿನ ಫೋಟೋ ಇರುವುದಿಲ್ಲ. ಎರಡೂ ಕಡೆ ಜರಡಿ ಹಿಡಿದ ಕಥೆಗಳೇ ಸಿಗುತ್ತವೆ. ಮೇಲಾಗಿ ಒಂದು ಕಥೆಯಲ್ಲಿ ಹತ್ತು ಕಾರಣ ಇರುತ್ತವೆ. ಆ ಸಂಬಂಧ ಮುರಿದದ್ದು ಮೂವರಿದ್ದರು ಎಂದೋ, ಒಬ್ಬ ಸುಳ್ಳು ಹೇಳಿದ ಎಂದೋ, ಸಾಲ ಇತ್ತು ಎಂದೋ? ಹೇಳುವವರಿಗೂ ಖಚಿತ ಇರುವುದಿಲ್ಲ.

ಗಟ್ಟಿಯಾದದ್ದು ಮೊದಲನೆಯದು, ನಮ್ಮದೇ ಹಿಂದಿನ ನಡತೆ. ನನಗೆ ಸಿಟ್ಟು ಬಂದಾಗ ಹೇಳುತ್ತೇನೋ, ನುಂಗಿಕೊಂಡು ತಿಂಗಳ ಮೇಲೆ ಸಿಡಿಯುತ್ತೇನೋ? ಎದುರಿನವರಿಗೆ ಬೇಜಾರಾಗುತ್ತದೆ ಎಂದು ‘ಹೂಂ’ ಎನ್ನುವ ಅಭ್ಯಾಸ ನನಗಿದೆಯೇ? ಸಂಗಾತಿ ಫೋನ್ ಎತ್ತದಿದ್ದ ರಾತ್ರಿ ನಾನು ಹೇಗಿದ್ದೆ? ಕೆಲಸ, ಮನೆ, ಅಪ್ಪನ ಔಷಧಿ ಇಷ್ಟರ ನಡುವೆ ಈಗಿರುವ ಒಬ್ಬರಿಗೇ ಸಮಯ ಸಾಲುತ್ತಿದೆಯೇ? ಇವಕ್ಕೆ 24,489 ಜನರ ಉತ್ತರ ಯಾವ ಸಹಾಯವೂ ಮಾಡುವುದಿಲ್ಲ.

ಆದರೆ ನೆನಪು ಬಣ್ಣ ಬದಲಿಸುತ್ತದೆ. ಹೊಸ ಪ್ರೀತಿಯ ಮೊದಲ ತಿಂಗಳುಗಳಲ್ಲಿ ಎಲ್ಲವೂ ಸರಿಯೇ ಕಾಣುತ್ತದೆ. ಕೊನೆ ಕೆಟ್ಟದಾಗಿದ್ದರೆ ಶುರುವಿನ ಒಳ್ಳೆಯ ದಿನಗಳೂ ಕೆಟ್ಟದಾಗಿಯೇ ನೆನಪಾಗುತ್ತವೆ. ಇದಕ್ಕೆ ಒಂದು ಸರಳ ಉಪಾಯ ಇದೆ: ಮೊದಲೇ ಬರೆದಿಡುವುದು. ಮೂರು ತಿಂಗಳ ನಂತರ ಹೇಗಿರುತ್ತೇನೆ ಎಂದುಕೊಂಡಿದ್ದೇನೆ, ಏನಾದರೆ ನಿಲ್ಲಿಸುತ್ತೇನೆ, ಯಾವುದು ನನ್ನಿಂದ ಆಗುವುದೇ ಇಲ್ಲ, ಇಷ್ಟನ್ನು ದಿನಾಂಕ ಹಾಕಿ ಬರೆಯಿರಿ. ಸಂಗಾತಿಯೂ ಪ್ರತ್ಯೇಕವಾಗಿ ಬರೆಯಲಿ. ಆಮೇಲೆ ಅದನ್ನು ತೆರೆದು ನೋಡಿದಾಗ ‘ನಾನು ಮೊದಲೇ ಹೇಳಿದ್ದೆ’ ಎಂಬ ಸುಳ್ಳು ಸಮಾಧಾನಕ್ಕೆ ಜಾಗ ಇರುವುದಿಲ್ಲ.

ಬೇರೆಯವರನ್ನು ಕೇಳುವುದಾದರೆ ಬಿಟ್ಟು ಬಂದವರನ್ನೂ ಕೇಳಿ. ಮೂರನೆಯವರಾಗಿ ಸೇರಿದವರನ್ನೂ ಕೇಳಿ. ಮೊದಲಿನ ಇಬ್ಬರ ಕಥೆಯಲ್ಲಿ ಈ ಮೂರನೆಯವರ ಮಾತು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅವರೂ ಮನುಷ್ಯರು. ‘ಮಾಡಿ ನೋಡೋಣ’ ಎಂದು ಇಬ್ಬರು ಹೇಳಿಕೊಂಡಾಗ, ಆ ನೋಡುವುದರೊಳಗೆ ಇನ್ನೊಬ್ಬರ ಬದುಕೂ ಸೇರಿಕೊಂಡಿರುತ್ತದೆ.

ಯಾವ ಪ್ರಶ್ನೆ ಯಾರಿಗೆ

‘ಇಂಥ ಸಂಬಂಧ ಇರುವವರೆಲ್ಲ ಮನೋರೋಗಿಗಳು’, ‘ಇದು ಯಾವತ್ತೂ ನಡೆಯುವುದಿಲ್ಲ’, ‘ಮಕ್ಕಳು ಹಾಳಾಗುತ್ತಾರೆ’ ಎಂಬಂಥ ಎಲ್ಲರ ಬಗೆಗಿನ ಮಾತುಗಳಿಗೆ ಅಧ್ಯಯನವೇ ಉತ್ತರ ಕೊಡಬೇಕು. ಕೊಟ್ಟಿರುವ ಉತ್ತರ: ಹಾಗೆ ಹೇಳಲು ಆಧಾರವಿಲ್ಲ. ‘ಒಬ್ಬರನ್ನೇ ಪ್ರೀತಿಸುವುದು ಹಳೇ ಕಾಲದ ಬಂಧನ, ಇದು ಅದಕ್ಕಿಂತ ಮೇಲು’ ಎಂಬ ಮಾತಿಗೂ ಅದೇ ಉತ್ತರ. ಎರಡೂ ಕಡೆಯ ದೊಡ್ಡ ಮಾತುಗಳನ್ನು ಅಧ್ಯಯನ ಚಿಕ್ಕದು ಮಾಡುತ್ತದೆ.

‘ನನಗೆ ಆಗುತ್ತದೆಯೇ’ ಎಂಬುದು ಬೇರೆ ಪ್ರಶ್ನೆ. ಅಲ್ಲಿ ನಿಮ್ಮ ಸ್ವಂತ ನಡತೆಯ ದಾಖಲೆಗೇ ಜಾಸ್ತಿ ತೂಕ. ಅಧ್ಯಯನದಿಂದ ಅಲ್ಲಿ ಸಿಗುವುದು ಎಲ್ಲಿ ಎಡವುತ್ತಾರೆ ಎಂಬ ಸೂಚನೆ ಮಾತ್ರ. ಮಾಡಿ ನೋಡಿದವರಲ್ಲಿ ಮೂರನೇ ಒಂದು ಭಾಗಕ್ಕೆ ಭಾವನೆ ನಿಭಾಯಿಸುವುದೇ ಕಷ್ಟವಾಯಿತು ಎಂದು ಗೊತ್ತಿದ್ದರೆ, ಮೊದಲು ಮಾತಾಡಬೇಕಾದದ್ದು ಅದನ್ನೇ ಎಂದು ತಿಳಿಯುತ್ತದೆ.

‘ನಮ್ಮ ನಡುವೆ ಮಾತೇ ನಿಂತುಹೋಗಿದೆ, ಇದರಿಂದ ಸರಿಹೋಗಬಹುದಾ?’ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಎರಡನ್ನೂ ಜೊತೆಗೆ ಇಟ್ಟು ನೋಡಬೇಕು. ಚೆನ್ನಾಗಿ ನಡೆಯುವ ಇಂಥ ಸಂಬಂಧಗಳಲ್ಲಿ ಮಾತುಕತೆ ಜಾಸ್ತಿ ಇರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಮಾತೇ ಇಲ್ಲದ ಇಬ್ಬರ ನಡುವೆ ಮೂರನೆಯವರು ಬಂದರೆ ಆಡಬೇಕಾದ ಮಾತು ಇನ್ನೂ ಹೆಚ್ಚುತ್ತದೆ.

ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಅಧ್ಯಯನವನ್ನು ಜಗಳ ಗೆಲ್ಲಲು ಬಳಸುವವರಿದ್ದಾರೆ. ‘ಹೊಟ್ಟೆಕಿಚ್ಚು ಕಡಿಮೆ ಇರುತ್ತದಂತೆ, ನಿನಗ್ಯಾಕೆ ಇಷ್ಟು?’ ಎಂಬ ಮಾತಿಗೆ ಯಾವ ಅಧ್ಯಯನದ ಬೆಂಬಲವೂ ಇಲ್ಲ. ಸಾವಿರ ಜನರ ಸರಾಸರಿ ಒಬ್ಬರ ಕಣ್ಣೀರನ್ನು ತಪ್ಪು ಎನ್ನಲಾರದು.

ನಮ್ಮ ಕಡೆ ಲೆಕ್ಕಕ್ಕೆ ಸೇರುವುದು

ಅಧ್ಯಯನಗಳು ಬಂದ ದೇಶಗಳ ಕಾನೂನು, ಮನೆ, ನೆರೆಹೊರೆ ಬೇರೆ. ನಮ್ಮಲ್ಲಿ ಏನಿದೆ ಎಂದು ಗೊತ್ತಿರಬೇಕು.

ಮದುವೆಯಾಗದ ವಯಸ್ಕರು ಒಪ್ಪಿ ಸಂಬಂಧ ಇಟ್ಟುಕೊಳ್ಳುವುದು ಅಪರಾಧವಲ್ಲ. ಮದುವೆಯ ಹೊರಗಿನ ಸಂಬಂಧ ಕೂಡ ಈಗ ಅಪರಾಧವಲ್ಲ. ಜೋಸೆಫ್ ಶೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ಐಪಿಸಿಯ 497ನೇ ಕಲಮನ್ನು ರದ್ದು ಮಾಡಿತು. ಆದರೆ ಅಪರಾಧವಲ್ಲ ಎಂದರೆ ಪರಿಣಾಮವಿಲ್ಲ ಎಂದಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಇವತ್ತಿಗೂ ವಿಚ್ಛೇದನಕ್ಕೆ ಕಾರಣ. ಜೊತೆಗೂಡಿ ಒಪ್ಪಿದ್ದವರು ಆಮೇಲೆ ಅದನ್ನೇ ಕಾರಣ ಮಾಡಿ ವಿಚ್ಛೇದನ ಕೇಳುವಂತಿಲ್ಲ ಎಂಬ ಅರ್ಥದ ನಿಯಮ ಅದೇ ಕಾಯ್ದೆಯ 23ನೇ ಕಲಮಿನಲ್ಲಿದೆ. ಆದರೆ ಬಾಯಿಮಾತಿನ ಒಪ್ಪಿಗೆಯನ್ನು ಕೋರ್ಟಿನಲ್ಲಿ ತೋರಿಸುವುದು ಹೇಗೆ?

ಹೆಂಗಸರು ತಿಳಿದಿರಬೇಕಾದ ಇನ್ನೊಂದು ವಿಷಯ ಇದೆ. ಪತ್ನಿಗೆ ಜೀವನಾಂಶ ಕೊಡಿಸುವ, ಹಿಂದೆ 125 ಎಂದು ಕರೆಯುತ್ತಿದ್ದ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಹೆಂಡತಿ ಬೇರೆಯವರ ಜೊತೆ ಅಂಥ ಸಂಬಂಧದಲ್ಲಿ ಬದುಕುತ್ತಿದ್ದರೆ ಅದರಡಿ ಜೀವನಾಂಶ ಸಿಗುವುದಿಲ್ಲ ಎಂಬ ಮಾತು ಅದರಲ್ಲಿ ಹಾಗೆಯೇ ಉಳಿದಿದೆ. ಗಂಡ-ಹೆಂಡತಿ ಇಬ್ಬರೂ ಒಪ್ಪಿಯೇ ಶುರು ಮಾಡಿದರೂ, ಮುರಿದಾಗ ಬೀಳುವ ಭಾರ ಇಬ್ಬರಿಗೂ ಸಮ ಇರುವುದಿಲ್ಲ.

ಎರಡನೇ ಮದುವೆ ಬೇರೆಯೇ ಮಾತು. ಹಿಂದೂಗಳಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದು ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ಪ್ರಕಾರ ಅಪರಾಧ. ಏಳು ವರ್ಷದವರೆಗೆ ಜೈಲು ಆಗಬಹುದು. ಮೊದಲ ಮದುವೆ ಮುಚ್ಚಿಟ್ಟು ಆದರೆ ಹತ್ತು ವರ್ಷದವರೆಗೆ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಗಂಡಸಿಗೆ ನಿಯಮ ಬೇರೆ ಇದೆ. ಅದು ಬಹುಪತ್ನಿತ್ವದ ನಿಯಮ, ಇಲ್ಲಿ ಮಾತಾಡುತ್ತಿರುವ ವಿಷಯಕ್ಕೆ ನೇರ ಸಂಬಂಧವಿಲ್ಲ.

ಮೂರನೆಯವರ ಸ್ಥಿತಿ ಎಲ್ಲಕ್ಕಿಂತ ನಾಜೂಕು. ಆಸ್ತಿಯಲ್ಲಿ ತಾನಾಗಿ ಬರುವ ಹಕ್ಕಿಲ್ಲ, ಸ್ವಂತ ಮಗು ಅಲ್ಲದಿದ್ದರೆ ಮಗುವಿನ ದಾಖಲೆಯಲ್ಲಿ ಜಾಗವಿಲ್ಲ. ಬೆಂಗಳೂರಿನ ಇಂದ್ರಾ ಶರ್ಮಾ ಪ್ರಕರಣದಲ್ಲಿ ಒಬ್ಬ ಹೆಂಗಸು ವಿವಾಹಿತನ ಜೊತೆ ವರ್ಷಗಟ್ಟಲೆ ಬದುಕಿದ್ದರು. ಅವನು ಬಿಟ್ಟು ಹೋದಾಗ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ಕೇಳಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಇದು ಮದುವೆಯಂಥ ಸಂಬಂಧ ಅಲ್ಲ ಎಂದಿತು. ಅಲ್ಲಿ ಅವನ ಹೆಂಡತಿಯ ಒಪ್ಪಿಗೆ ಇರಲಿಲ್ಲ, ಹಾಗಾಗಿ ಅದು ಪಾಲಿಯಾಮರಿಯ ಪ್ರಕರಣವಲ್ಲ. ಆದರೂ ವಿವಾಹಿತರ ಸಂಬಂಧದೊಳಗೆ ಸೇರುವವರ ಕಾಲ ಕೆಳಗೆ ಎಷ್ಟು ನೆಲ ಇದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಇನ್ನು ಕಾನೂನು ಮುಟ್ಟದ ಲೆಕ್ಕ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಯಾರ ಜೊತೆ ನಿಂತಿದ್ದೀರಿ ಎಂಬುದು ನೀವು ಮನೆ ಮುಟ್ಟುವ ಮೊದಲೇ ಮನೆ ಮುಟ್ಟುತ್ತದೆ. ತಂಗಿಯ ಮದುವೆ ಮಾತುಕತೆ, ಅಪ್ಪನ ಸಂಘದ ಸದಸ್ಯತ್ವ, ಬಾಡಿಗೆ ಮನೆ, ಎಲ್ಲಕ್ಕೂ ಅದು ತಾಗುತ್ತದೆ. ಇದನ್ನು ಅಳೆಯಲು ಅಧ್ಯಯನ ಬೇಡ. ಊರಲ್ಲಿ ಜಾತಿ ಬಿಟ್ಟು ಮದುವೆಯಾದವರಿಗೆ ಏನಾಯಿತು, ಯಾರು ಜೊತೆಗೆ ನಿಂತರು, ಯಾರು ಮಾತು ಬಿಟ್ಟರು ಎಂದು ನೆನಪಿಸಿಕೊಂಡರೆ ಸಾಕಷ್ಟು ತಿಳಿಯುತ್ತದೆ. ಈ ಒಂದು ಪ್ರಶ್ನೆಗೆ ಊರಿನ ಅನುಭವಕ್ಕೇ ಪೂರ್ತಿ ತೂಕ.

ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ

ಹೆಚ್ಚಿನವರು ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1,658 ಜನರ ಉತ್ತರಗಳನ್ನು ಮೂರು ಸಂಗತಿಗಳ ಮೇಲೆ ವಿಂಗಡಿಸಿದರು: ಇಬ್ಬರ ಒಪ್ಪಿಗೆ ಇದೆಯೇ, ಮಾತುಕತೆ ಇದೆಯೇ, ಇಬ್ಬರಿಗೂ ನೆಮ್ಮದಿ ಇದೆಯೇ. ಮೂರೂ ಇದ್ದವರು ಒಬ್ಬರೇ ಸಂಗಾತಿ ಇರುವವರಷ್ಟೇ ಚೆನ್ನಾಗಿದ್ದರು. ಒಬ್ಬರು ಹೊರಗೆ ಹೋಗುತ್ತ, ಇನ್ನೊಬ್ಬರು ಒಬ್ಬರಿಗೇ ಅಂಟಿಕೊಂಡು, ನಡುವೆ ಒಪ್ಪಿಗೆಯೂ ಮಾತೂ ಇಲ್ಲದೆ ಇದ್ದ ಗುಂಪು ಅತಿ ಕಷ್ಟದಲ್ಲಿತ್ತು. ಇಲ್ಲಿ ಅಧ್ಯಯನವೂ ನಮ್ಮ ಅಜ್ಜಿಯರ ಕಾಲದ ಅನುಭವವೂ ಒಂದೇ ಮಾತು ಹೇಳುತ್ತವೆ. ಎರಡು ಬೇರೆ ದಾರಿಯಿಂದ ಬಂದ ಸಾಕ್ಷಿಗಳು ಒಂದೇ ಕಡೆ ಸೇರಿದಾಗ ಅದಕ್ಕೆ ದೊಡ್ಡ ತೂಕ ಕೊಡಬೇಕು.

ಹಾಗಾಗಿ, ‘ನನ್ನನ್ನು ಬಿಟ್ಟು ಹೋಗಿಬಿಡುತ್ತಾನೆ’ ಎಂಬ ಹೆದರಿಕೆಯಿಂದ ಹೇಳಿದ ‘ಹೂಂ’ ಒಪ್ಪಿಗೆ ಅಲ್ಲ. ಬೇಡ ಎನ್ನುವವರು ಅಧ್ಯಯನ ತಂದು ಸಾಬೀತು ಮಾಡಬೇಕಾಗಿಲ್ಲ. ಬೇಡ ಎಂದರೆ ಬೇಡ. ಹಾಗೆಯೇ, ಬೇಕು ಎನಿಸಿದವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅಪರಾಧವಲ್ಲ. ಮುಚ್ಚಿಟ್ಟು ಮಾಡದೆ ಕೇಳಿದ್ದಾರೆ.

ಮನೆಯವರ ಬಳಿ ಹೇಳಲಾಗದ್ದನ್ನು ಬೇರೆ ಕಡೆ ಹೇಳಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆಪ್ತಸಮಾಲೋಚಕರಿಗೆ ಈ ವಿಷಯ ಹೊಸತಿದ್ದರೆ ‘ಎಲ್ಲರಿಗೂ ಗೊತ್ತಿರುವ ಸಂಬಂಧ, ಮೋಸದ್ದಲ್ಲ’ ಎಂದು ಮೊದಲೇ ಹೇಳಿಬಿಡಿ. ಮಾತು ಬೇಗ ಮುಂದೆ ಹೋಗುತ್ತದೆ. ಒತ್ತಡ, ಬೆದರಿಕೆ, ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181. ಕಾನೂನಿನ ಪ್ರಶ್ನೆಗೆ ಕಾನೂನು ಸೇವೆಗಳ ಸಹಾಯವಾಣಿ 15100 ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ. ಫಲಿತಾಂಶ ಗುಟ್ಟಾಗಿಡಬೇಕು ಎಂಬುದು 2017ರ ಕಾಯ್ದೆಯ ನಿಯಮ. ಊರಿನ ಆಸ್ಪತ್ರೆಯಲ್ಲಿ ಪರಿಚಯದವರು ಸಿಗುತ್ತಾರೆ ಎಂಬ ಅಳುಕಿದ್ದರೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋದಾಗ ಮಾಡಿಸಬಹುದು.